5 ಕೆಜಿ ಬಳ್ಳಿ, 155 ಗ್ರಾಂ ಸತ್ವ: ಅಮೃತಬಳ್ಳಿ ಸತ್ವ ತೆಗೆದ ಬಗೆ

ಶಿವರಾತ್ರಿ ಕಳೆದ ಮೇಲೆ ಚಿತ್ರದುರ್ಗದ ಸುತ್ತಮುತ್ತ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ ನೋಡಿದರೆ ಒಣಗಿಹೋಗಿದೆ ಅನಿಸುತ್ತದೆ. ಎಲೆ ಹಳದಿಗೆ ತಿರುಗಿ ಉದುರಿರುತ್ತದೆ, ಹಗ್ಗದಂಥ ಕಾಂಡವಷ್ಟೇ ಜೋತಾಡುತ್ತಿರುತ್ತದೆ. ಸತ್ವ ತೆಗೆಯುವುದಕ್ಕೆ ಇದೇ ಸರಿಯಾದ ಕಾಲ. ಮಳೆಗಾಲವಿಡೀ ಎಲೆ ಮಾಡಿಟ್ಟ ಹಿಟ್ಟೆಲ್ಲ ಈಗ ಕಾಂಡದೊಳಗೆ ಕೂತಿರುತ್ತದೆ. ಭರಣಿ ಮಳೆ ಒಂದು ಹದ ಬಿತ್ತೆಂದರೆ ಬಳ್ಳಿ ಅದೇ ಹಿಟ್ಟನ್ನು ಕರಗಿಸಿಕೊಂಡು ಚಿಗುರುತ್ತದೆ. ಆಮೇಲೆ ತೆಗೆದರೆ ಕೈಗೆ ಸಿಗುವುದು ಲೋಳೆ. ಒಂದೇ ಮರದ ಬಳ್ಳಿಗಳಿಂದ ಮಾರ್ಚ್‌ನಲ್ಲಿ 5 ಕೆಜಿ ತೆಗೆದಾಗ 155 ಗ್ರಾಂ ಸತ್ವ ಬಂತು. ಆಗಸ್ಟ್‌ನಲ್ಲಿ ಅಷ್ಟೇ ತೂಕಕ್ಕೆ ಬಂದದ್ದು 50 ಗ್ರಾಂ, ಅದೂ ಮಾಸಲು ಬಣ್ಣದ್ದು. ಆದ್ದರಿಂದ ಮೊದಲು ನೋಡಬೇಕಾದದ್ದು ಪಂಚಾಂಗವನ್ನು, ಪಾತ್ರೆ ಪರಡಿ ಆಮೇಲೆ.

ಸತ್ವ ಎಂದರೆ ಹಸಿ ಕಾಂಡವನ್ನು ಜಜ್ಜಿ, ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ತಳದಲ್ಲಿ ಕೂತ ಬಿಳಿ ಗಸಿಯನ್ನು ಒಣಗಿಸಿದ್ದು. ಗೋಧಿ ನೆನೆಸಿ ಹಾಲು ತೆಗೆದು ಹಾಲುಬಾಯಿ ಮಾಡುವವರಿಗೆ, ಮಲೆನಾಡಿನಲ್ಲಿ ಕೂವೆಹಿಟ್ಟು ಮಾಡುವವರಿಗೆ ಇದರ ಹದ ಬೇಗ ಸಿಗುತ್ತದೆ. ಒಂದೇ ವ್ಯತ್ಯಾಸ. ಕೂವೆಹಿಟ್ಟನ್ನು ಎಷ್ಟು ಸಲ ತೊಳೆದರೂ ಒಳ್ಳೆಯದೇ, ಇದನ್ನು ಹಾಗೆ ತೊಳೆಯುವಂತಿಲ್ಲ. ಅಮೃತಬಳ್ಳಿಯ ಕಹಿ ನೀರಿನಲ್ಲಿ ಕರಗುವಂಥದ್ದು. ತೊಳೆದಷ್ಟೂ ಬಣ್ಣ ಬಿಳಿಯಾಗುತ್ತದೆ, ಜತೆಗೆ ಔಷಧಿಯೂ ಚರಂಡಿ ಸೇರುತ್ತದೆ. ಯಾವ ನೀರನ್ನು ಯಾವಾಗ ಬಗ್ಗಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ಈ ಕೆಲಸದ ಜೀವಾಳ.

ಬಳ್ಳಿ ಗುರುತಿಸುವುದು ಸುಲಭ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಹೃದಯದಾಕಾರದ ಎಲೆ ಕಂಡ ಕೂಡಲೇ ಅಮೃತಬಳ್ಳಿ ಎನ್ನುವುದು ತಪ್ಪು. ನಮಗೆ ಬೇಕಾದದ್ದು ಟಿನೋಸ್ಪೋರಾ ಕಾರ್ಡಿಫೋಲಿಯಾ. ಇದರ ಕಾಂಡದ ಮೇಲೆ ತೆಳ್ಳನೆಯ ಕಾಗದದಂಥ ಸಿಪ್ಪೆ ಇರುತ್ತದೆ, ಉಗುರಿನಿಂದ ಕೆರೆದರೆ ಸುಲಿದು ಬಂದು ಕೆಳಗೆ ಹಸಿರು ಕಾಣುತ್ತದೆ. ಅಲ್ಲಲ್ಲಿ ಸಣ್ಣ ಚುಕ್ಕೆಗಳಿರುತ್ತವೆ, ಮುಟ್ಟಿದರೆ ತರಿತರಿ, ಆದರೆ ದೊಡ್ಡ ಗಂಟುಗಳಲ್ಲ. ಎಲೆಯ ಎರಡೂ ಮೈ ನುಣುಪು. ದಾರದಂಥ ಬಿಳಲು ಮೇಲಿನಿಂದ ನೆಲದ ಕಡೆ ಇಳಿದಿರುತ್ತದೆ. ಇದೇ ಕುಲದ ಟಿನೋಸ್ಪೋರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿ ಇದೆ. ಅದರ ಕಾಂಡ ಬೂದು ಬಣ್ಣದ್ದು, ಮೈತುಂಬ ನರಹುಲಿಯಂಥ ಉಬ್ಬುಗಳು, ಕತ್ತರಿಸಿದರೆ ಹಾಲಿನಂಥ ರಸ ಬರುತ್ತದೆ. ಎಲೆಯ ಹಿಂಬದಿ ಕೈಯಾಡಿಸಿದಾಗ ಮಖಮಲ್ಲಿನ ಹಾಗೆ ರೋಮ ಸಿಕ್ಕಿದರೆ ಅದು ಮೂರನೆಯ ಜಾತಿ, ಟಿನೋಸ್ಪೋರಾ ಸೈನೆನ್ಸಿಸ್. ಎರಡನ್ನೂ ಬಿಡಿ. ಕೋವಿಡ್ ಕಾಲದಲ್ಲಿ ಜನ ಸಿಕ್ಕ ಸಿಕ್ಕ ಬಳ್ಳಿ ಕುದಿಸಿ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು, ಅಮೃತಬಳ್ಳಿ ಸೇವಿಸುತ್ತಿದ್ದ 6 ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. 2022ರಲ್ಲಿ ಆಯುಷ್ ಸಚಿವಾಲಯ ಕಾರ್ಡಿಫೋಲಿಯಾ ಮತ್ತು ಕ್ರಿಸ್ಪಾಗಳ ವ್ಯತ್ಯಾಸ ಬಿಡಿಸಿ ಹೇಳಿ, ಅನುಮಾನವಿದ್ದರೆ ಬಳಸಬೇಡಿ ಎಂದು ಸೂಚನೆ ಹೊರಡಿಸಿತು. ಅನುಮಾನ ಬಂದ ಬಳ್ಳಿಯನ್ನು ಮುಟ್ಟದಿರುವುದು ನಮ್ಮ ನಿಯಮವೂ ಹೌದು.

ಇನ್ನೊಂದು ಗುರುತನ್ನು ಹಳಬರು ಹೆಸರಿನಲ್ಲೇ ಇಟ್ಟುಹೋಗಿದ್ದಾರೆ. ಸಂಸ್ಕೃತದಲ್ಲಿ ಅಮೃತಬಳ್ಳಿಗೆ ಗುಡೂಚಿ ಎನ್ನುತ್ತಾರೆ, ಚಕ್ರಲಕ್ಷಣಿಕಾ ಎಂಬ ಹೆಸರೂ ಇದೆ. ಹರಿತವಾದ ಚಾಕುವಿನಿಂದ ಕಾಂಡವನ್ನು ಅಡ್ಡಕ್ಕೆ ಕತ್ತರಿಸಿ ನೋಡಿ, ನಡುವಿನಿಂದ ಅಂಚಿನವರೆಗೆ ಗಾಡಿ ಚಕ್ರದ ಅರಕಾಲುಗಳ ಹಾಗೆ ಗೆರೆಗಳು ಹರಡಿರುತ್ತವೆ. ಕತ್ತರಿಸಿದ ಜಾಗ ಮೊದಲು ಹಾಲುಗೆನೆ ಬಣ್ಣವಿದ್ದು, ಗಾಳಿ ತಾಗಿದ ಕೆಲವೇ ನಿಮಿಷಕ್ಕೆ ಹಳದಿಗೆ ತಿರುಗುತ್ತದೆ. ಸತ್ವ ತುಂಬಿದ ಕಾಂಡವಾದರೆ ಆ ಜಾಗಕ್ಕೆ ಬೆರಳು ಒತ್ತಿ ತೆಗೆದಾಗ ಬೆರಳ ತುದಿಗೆ ಸುಣ್ಣ ಮುಟ್ಟಿದಂತೆ ಬಿಳಿ ಅಂಟಿಕೊಳ್ಳುತ್ತದೆ. ಅಂಟದಿದ್ದರೆ ಆ ಬಳ್ಳಿಯನ್ನು ಹಾಗೇ ಬಿಟ್ಟು ಮುಂದಿನ ಮರಕ್ಕೆ ಹೋಗುವುದು ಲೇಸು.

ದಪ್ಪ ಹೆಬ್ಬೆರಳಷ್ಟು ಇರಬೇಕು. ಕಿರುಬೆರಳಿನಂಥ ಎಳೆ ಕಾಂಡದಲ್ಲಿ ಹಿಟ್ಟಿಲ್ಲ, ಲೋಳೆ ಹೆಚ್ಚು. ಮುಂಗೈ ಗಾತ್ರದ ಹಳೆಯದರಲ್ಲಿ ನಾರು ಕಟ್ಟಿಗೆಯಾಗಿರುತ್ತದೆ, ಜಜ್ಜುವವರ ರಟ್ಟೆ ಬೀಳುತ್ತದೆ. ಹೆಬ್ಬೆರಳು ದಪ್ಪದ ಹಸಿ ಕಾಂಡ ಮೀಟರಿಗೆ ಸುಮಾರು ಕಾಲು ಕೆಜಿ ತೂಗುತ್ತದೆ, 5 ಕೆಜಿಗೆ 20 ಮೀಟರ್ ಬೇಕು. ಅಷ್ಟನ್ನೂ ಒಂದೇ ಬಳ್ಳಿಯಿಂದ ತೆಗೆಯಬೇಡಿ. ಬುಡದಿಂದ ಒಂದು ಮಾರು ಬಿಟ್ಟು ಮೇಲಿನದನ್ನು ಕತ್ತರಿಸಿದರೆ ಬುಡ ಮತ್ತೆ ಚಿಗುರುತ್ತದೆ. ಬೇವಿನ ಮರದ್ದೇ ಶ್ರೇಷ್ಠ ಎಂಬ ಮಾತನ್ನು ಮನೆಮಂದಿಯೆಲ್ಲ ನಂಬುತ್ತಾರೆ, ನಾವೂ ಬೇವಿನದ್ದನ್ನೇ ಹುಡುಕುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ಎಲ್ಲಿಂದ ತರಬಾರದು ಎಂಬುದು. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ತೋಟದ ಬೇಲಿಯ ಮೇಲೆ ಸೊಗಸಾದ ಬಳ್ಳಿ ಇರುತ್ತದೆ, ಆದರೆ ದಾಳಿಂಬೆಗೆ ಹೊಡೆಯುವ ಔಷಧಿಯೆಲ್ಲ ಅದರ ಮೈಮೇಲೂ ಬಿದ್ದಿರುತ್ತದೆ. ಹೆದ್ದಾರಿ ಪಕ್ಕದ್ದು, ಕರೆಂಟ್ ಕಂಬಕ್ಕೆ ಹಬ್ಬಿದ್ದು ಬೇಡ. ಕಾಸರಕದ ಮರದ ಮೇಲಿನದಂತೂ ಬೇಡವೇ ಬೇಡ, ಅದು ವಿಷದ ಮರ. ಜೋಗಿಮಟ್ಟಿ ಈಗ ವನ್ಯಜೀವಿಧಾಮ, ಅಲ್ಲಿ ಅನುಮತಿ ಇಲ್ಲದೆ ಕಡ್ಡಿ ಮುರಿಯುವುದೂ ತಪ್ಪಾಗುತ್ತದೆ. ಹೊಲದ ಬದುವಿನ ಬೇವಿನ ಮರ, ಗುಡಿಯ ಹಿಂದಿನ ಮರ ಇವುಗಳಲ್ಲೇ ಬೇಕಾದಷ್ಟು ಸಿಗುತ್ತದೆ, ಒಡೆಯರನ್ನು ಒಂದು ಮಾತು ಕೇಳಿದರಾಯಿತು.

ತಂದ ದಿನವೇ ಕೆಲಸ ಶುರುವಾಗಬೇಕು. ಎರಡು ದಿನ ಮೂಲೆಯಲ್ಲಿ ಬಿದ್ದ ಕಾಂಡ ಬಾಡಿ, ಸಿಪ್ಪೆ ಕಚ್ಚಿಕೊಂಡು ಸುಲಿಯಲು ಬರುವುದಿಲ್ಲ. ಮೊದಲು ಮಣ್ಣು ಹೋಗುವಂತೆ ತೊಳೆದು, ಚಾಕುವಿನ ಬೆನ್ನಿನಿಂದ ಮೇಲಿನ ಕಾಗದದ ಸಿಪ್ಪೆಯನ್ನಷ್ಟೇ ಕೆರೆಯಬೇಕು. ಕೆಳಗಿನ ಹಸಿರು ಪದರ ಇರಲಿ. ಸಿಪ್ಪೆಯ ಚೂರು ಉಳಿದರೆ ಕೊನೆಯಲ್ಲಿ ಸತ್ವದೊಳಗೆ ಕಂದು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ, ಆಗ ಆರಿಸಿ ತೆಗೆಯಲು ಆಗದು. ಕೆರೆದಾದ ಮೇಲೆ ಎರಡೆರಡು ಅಂಗುಲದ ತುಂಡು ಮಾಡಿ, ಒಂದೊಂದನ್ನೂ ಉದ್ದಕ್ಕೆ ಸೀಳಿ, ಕಲ್ಲಿನ ಒರಳಿನಲ್ಲಿ ಜಜ್ಜಬೇಕು. ನಾರು ನಾರಾಗಿ ಬಿಚ್ಚಿಕೊಂಡರೆ ಸಾಕು, ನುಣ್ಣಗಾಗಬಾರದು.

ಇಲ್ಲಿ ಮಿಕ್ಸಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಒಮ್ಮೆ ಹಾಕಿಯೂ ನೋಡಿದ್ದಾಯಿತು. ನಾರು ಬ್ಲೇಡಿಗೆ ಸುತ್ತಿಕೊಂಡು ಜಾರ್ ನಿಂತಿತು. ನಡುನಡುವೆ ನಿಲ್ಲಿಸಿ ನಿಲ್ಲಿಸಿ ರುಬ್ಬಿದ್ದರಲ್ಲಿ ನಾರು ಪುಡಿಯಾಗಿ ಬಟ್ಟೆಯಿಂದ ಕೆಳಗಿಳಿಯಿತು. ಆ ಸಲದ ಸತ್ವ ಹಸಿರುಗಂದು ಬಣ್ಣದ್ದು, ನಾಲಿಗೆಗೆ ಮರಳು ಮರಳು. ಕಬ್ಬಿಣದ ಹಾರೆ, ಕಬ್ಬಿಣದ ಕುಟ್ಟಾಣಿಯೂ ಬೇಡ. ಬಳ್ಳಿಯ ಒಗರು ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತದೆ, ಒಣಗಿದ ಸತ್ವ ಬೂದಿಯಂತಾಗುತ್ತದೆ. ನೆನೆಸಲು ಸ್ಟೀಲಿನ ಬೋಗುಣಿ ಅಥವಾ ಮಣ್ಣಿನ ಬಾನಿ ಸರಿ. ತಾಮ್ರ, ಅಲ್ಯೂಮಿನಿಯಂ ದೂರವಿಡಿ.

ನೀರಿನ ಲೆಕ್ಕ ಒಂದಕ್ಕೆ ನಾಲ್ಕು. 5 ಕೆಜಿ ಕಾಂಡಕ್ಕೆ 20 ಲೀಟರ್, ಅಂದರೆ ಸರಿಯಾಗಿ ಒಂದು ಕ್ಯಾನ್. ಯಾವ ನೀರು ಎಂಬ ಪ್ರಶ್ನೆ ನಮ್ಮ ಕಡೆ ದೊಡ್ಡದು. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಭಾಗದ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಗಡಸಂತೂ ಬಹುತೇಕ ಕಡೆ ಇದೆ. ಬೇಳೆ ಬೇಯದ ನೀರಿನಲ್ಲಿ ಸತ್ವ ತೆಗೆದರೆ ಬಣ್ಣ ಮಾಸಲಾಗುತ್ತದೆ, ಒಣಗಿದ ಮೇಲೆ ಬಾಯಿಗೆ ಸವಳು ಹತ್ತುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಕ್ಯಾನ್ ತಂದಿಟ್ಟುಕೊಂಡರೆ ನೆನೆಸುವುದಕ್ಕೂ ತೊಳೆಯುವುದಕ್ಕೂ ಆಗುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಇನ್ನೂ ಒಳ್ಳೆಯದು. ನೀರು ತಣ್ಣಗೇ ಇರಬೇಕು. ಬೇಗ ಇಳಿಯಲಿ ಎಂದು ಬಿಸಿನೀರು ಹಾಕಿದರೆ ಹಿಟ್ಟು ಬೆಂದು ಗಂಜಿಯಾಗುತ್ತದೆ, ಆಮೇಲೆ ತಳಕ್ಕೆ ಕೂರುವುದೇ ಇಲ್ಲ.

ಸಂಜೆ 6ಕ್ಕೆ ನೆನೆಸಿದರೆ ಬೆಳಿಗ್ಗೆ 6ಕ್ಕೆ ಕಿವುಚಬೇಕು. ಹನ್ನೆರಡು ತಾಸಿಗಿಂತ ಹೆಚ್ಚು ಬಿಟ್ಟರೆ ಬೇಸಿಗೆಯ ಧಗೆಗೆ ಹುಳಿ ಬರುತ್ತದೆ. ಏಪ್ರಿಲ್‌ನಲ್ಲಿ ಒಂದು ಸಲ ಮಧ್ಯಾಹ್ನದವರೆಗೆ ಬಿಟ್ಟಿದ್ದಕ್ಕೆ ಮೇಲೆ ಸಣ್ಣ ಗುಳ್ಳೆಗಳೆದ್ದು, ಸಂಪಣದ ವಾಸನೆ ಬಂದು, ಸೋಸಿದ ನೀರು ಸಂಜೆಯಾದರೂ ತಿಳಿಯಾಗಲಿಲ್ಲ. ಅಂಥದ್ದನ್ನು ಉಳಿಸಿಕೊಳ್ಳುವ ದಾರಿ ಇಲ್ಲ, ಗಿಡದ ಬುಡಕ್ಕೆ ಚೆಲ್ಲಬೇಕು. ಬಾನಿಯ ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಒಳಮನೆಯ ನೆಲದ ಮೇಲಿಟ್ಟರೆ ರಾತ್ರಿ ತಂಪಾಗಿರುತ್ತದೆ.

ಕಿವುಚುವುದು ಒಂದು ತಾಸಿನ ಕೆಲಸ. ಎರಡೂ ಕೈ ಹಾಕಿ, ಬಟ್ಟೆ ಒಗೆಯುವಾಗ ಉಜ್ಜುವ ಹಾಗೆ ನಾರನ್ನು ನಾರಿಗೆ ತಿಕ್ಕಬೇಕು. ಮೊದಲ ಹತ್ತು ನಿಮಿಷ ನೀರು ಹಳದಿಹಸಿರಾಗಿ ತೆಳ್ಳಗಿರುತ್ತದೆ. ಆಮೇಲೆ ನೊರೆಯೇಳುತ್ತದೆ. ಅರ್ಧ ತಾಸಿನ ಹೊತ್ತಿಗೆ ಅಕ್ಕಿ ತೊಳೆದ ನೀರಿನಂತೆ ದಪ್ಪಗೆ ಕದಡುತ್ತದೆ, ಬಾನಿಯ ತಳಕ್ಕೆ ಕೈ ತಾಗಿದಾಗ ಮೆದುವಾದ ಹುಡಿ ಬೆರಳಿಗೆ ಸಿಗುತ್ತದೆ. ಆ ಹುಡಿಯೇ ಸತ್ವ. ಒಂದು ಹಿಡಿ ನಾರನ್ನು ಎತ್ತಿ ಹಿಂಡಿದಾಗ ಬಿಳಿ ಬಾರದೆ ಬರೀ ನೀರು ಬಂದರೆ ಅದು ಮುಗಿಯಿತು, ತೆಗೆದು ಬದಿಗೆ ಹಾಕಿ. ಕಹಿ ಕೈಗೆ ಎಷ್ಟು ಹತ್ತುತ್ತದೆಂದರೆ ಸೋಪು ಹಾಕಿ ತೊಳೆದರೂ ಮಧ್ಯಾಹ್ನದ ಮುದ್ದೆ ಕಹಿಯಾಗುತ್ತದೆ. ಕಿವುಚುವವರೊಬ್ಬರು, ಅಡುಗೆ ಮಾಡುವವರು ಇನ್ನೊಬ್ಬರು ಎಂದು ಮೊದಲೇ ಹಂಚಿಕೊಳ್ಳುವುದು ವಾಸಿ.

ಸೋಸಲು ಹಳೆಯ ಪಂಚೆ ಬಟ್ಟೆ ಎರಡು ಪದರ. ಮೊದಲು ಜರಡಿಯಲ್ಲಿ ನಾರು ತೆಗೆದು, ಆಮೇಲೆ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯ ಗಂಟನ್ನು ಬಲವಾಗಿ ಹಿಂಡಿದರೆ ಲೋಳೆಯೂ ನುಸುಳುತ್ತದೆ, ತಾನಾಗಿ ಇಳಿಯಲು ಬಿಡಿ. ಸೋಸಿದ ನೀರನ್ನು ಅಗಲ ಬಾಯಿಯ ಪಾತ್ರೆಗೆ ಹಾಕುವುದಕ್ಕಿಂತ ಎತ್ತರದ ಕೊಳಗಕ್ಕೆ ಹಾಕಿದರೆ ತಿಳಿ ಬಗ್ಗಿಸುವಾಗ ತಳ ಕದಡುವುದಿಲ್ಲ.

ಈಗ ಕಾಯುವ ಹೊತ್ತು. ಹಳ್ಳಿಯಲ್ಲಿ ಸತ್ವ ತೆಗೆದು ಪಳಗಿದ ಅಜ್ಜಿಯರು ಹೇಳುವುದು ಒಂದೇ ಮಾತು, "ಅವಸರ ಮಾಡಬ್ಯಾಡ್ರಿ, ಅದು ತಾನೇ ಕುಂದರ್ತತಿ." ನಾಲ್ಕು ತಾಸು ಪಾತ್ರೆಯನ್ನು ಅಲುಗಿಸಬಾರದು. ಮೇಲೆ ಹಳದಿ ತಿಳಿ, ನಡುವೆ ಮೋಡದಂಥ ಲೋಳೆ, ತಳದಲ್ಲಿ ಬಿಳಿ ಗಸಿ ಹೀಗೆ ಮೂರು ಪದರ ಬೇರೆಯಾಗುತ್ತದೆ. ನಡುವಿನ ಮೋಡ ಇನ್ನೂ ತೇಲುತ್ತಿರುವಾಗ ಬಗ್ಗಿಸಿದರೆ ಸತ್ವವೂ ಅರ್ಧ ಹೋಗುತ್ತದೆ. ಆರು ತಾಸು ಮೀರಿದರೆ ಹುಳಿಯ ಭಯ. ಪಾತ್ರೆಯ ಬದಿಗೆ ಟಾರ್ಚ್ ಹಿಡಿದು ಮೇಲಿನಿಂದ ನೋಡಿ, ಬೆಳಕು ತಿಳಿಯಲ್ಲಿ ನೇರ ಇಳಿದು ತಳದ ಬಿಳಿಯ ಮೇಲೆ ಬಿದ್ದರೆ ಹದ ಬಂದಿದೆ. ಆಗ ನಿಧಾನಕ್ಕೆ ಬಗ್ಗಿಸಿ, ಲೋಳೆಯನ್ನೂ ಹೋಗಲು ಬಿಡಿ.

ಆ ಮೊದಲ ತಿಳಿ ಬಹಳ ಕಹಿ. ಬರ್ಬೆರಿನ್ ಮೊದಲಾದ ಕಹಿ ಅಂಶಗಳು ಹೆಚ್ಚಾಗಿ ಇರುವುದು ಅದರಲ್ಲೇ. ಚೆಲ್ಲಲು ಮನಸ್ಸಾಗದವರು ಅದನ್ನು ಸಣ್ಣ ಉರಿಯಲ್ಲಿ ಇಂಗಿಸಿ ಗಟ್ಟಿ ಮಾಡುತ್ತಾರೆ. ಆಯುರ್ವೇದದ ಸಂಶಮನಿ ವಟಿ ಎಂಬ ಮಾತ್ರೆ ಇಂಥ ಗುಡೂಚಿ ಘನದಿಂದಲೇ ಆಗುವುದು, ಅಲ್ಲಿ ಘನವನ್ನು ಕಾಂಡದ ಕಷಾಯ ಬತ್ತಿಸಿ ಮಾಡುತ್ತಾರೆ. ಜ್ವರಕ್ಕೆಂದು ಕಷಾಯ ಕುಡಿಯುವವರು ಸತ್ವ ಅದಕ್ಕೆ ಬದಲಿ ಎಂದುಕೊಳ್ಳಬಾರದು. ಕಷಾಯದಲ್ಲಿ ಇರುವುದೆಲ್ಲ ಸತ್ವದಲ್ಲಿ ಇರುವುದಿಲ್ಲ. ಸತ್ವದ ಗುಣ ಬೇರೆ, ಪಿತ್ತ ಕೆರಳಿದಾಗ, ಅಂಗೈ ಅಂಗಾಲು ಉರಿಯುವಾಗ, ಬೇಸಿಗೆಯ ದಾಹಕ್ಕೆ ವೈದ್ಯರು ಅದನ್ನು ಕೊಡುತ್ತಾರೆ.

ತಳದ ಗಸಿಗೆ 5 ಲೀಟರ್ ಹೊಸ ನೀರು ಹಾಕಿ ಕಲಕಿ, ಮತ್ತೊಮ್ಮೆ ತೆಳು ಬಟ್ಟೆಯಲ್ಲಿ ಸೋಸಿ ಮೂರು ತಾಸು ಬಿಡಬೇಕು. ತಿಳಿ ಬಗ್ಗಿಸಿ ಇನ್ನೊಮ್ಮೆ 3 ಲೀಟರ್. ಅಲ್ಲಿಗೆ ನಿಲ್ಲಿಸಿ. ಆಗ ಗಸಿ ಹಾಲುಬಿಳಿ ಇರುವುದಿಲ್ಲ, ದಂತದ ಬಣ್ಣಕ್ಕೆ ಸ್ವಲ್ಪ ಬೂದು ಬೆರೆತಂತಿರುತ್ತದೆ. ಅದೇ ಸರಿಯಾದ ಬಣ್ಣ. ನಾಲ್ಕನೆಯ, ಐದನೆಯ ಸಲ ತೊಳೆದಾಗ ಬೆಳ್ಳಗಾದ ಸತ್ವವನ್ನೂ ಎರಡಕ್ಕೇ ನಿಲ್ಲಿಸಿದ್ದನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಿದೆವು. ಎರಡಕ್ಕೆ ನಿಲ್ಲಿಸಿದ್ದು ನಾಲಿಗೆಗೆ ಸಪ್ಪೆ, ಆದರೆ ನುಂಗಿದ ಮೇಲೆ ಗಂಟಲ ಹಿಂದೆ ಕಹಿ ಮೆಲ್ಲಗೆ ಎದ್ದಿತು. ಐದು ಸಲ ತೊಳೆದದ್ದು ಬರೀ ಹಿಟ್ಟು.

ಒಣಗಿಸುವುದರಲ್ಲಿ ನಮ್ಮ ಬಯಲುಸೀಮೆಗೆ ಒಂದು ಭಾಗ್ಯವಿದೆ, ಗಾಳಿಯಲ್ಲಿ ತೇವವಿಲ್ಲ. ಗಾಳಿಯೇನೋ ಧಾರಾಳ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ ಊರು ನಮ್ಮದು, ಆದರೆ ಅದರ ಜತೆ ದೂಳೂ ಬರುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯವರು ಮಾಳಿಗೆಯ ಮೇಲಿಟ್ಟರೆ ಮಸಿ ಬೀಳುತ್ತದೆ. ಸ್ಟೀಲ್ ತಟ್ಟೆಗಳಲ್ಲಿ ದೋಸೆಗಿಂತ ತೆಳ್ಳಗೆ, 2-3 ಮಿಲಿಮೀಟರ್ ಹರಡಿ, ಮೇಲೆ ತೆಳು ಬಟ್ಟೆ ಬಿಗಿದು ಮೊದಲ ದಿನ ನೆರಳಿನಲ್ಲಿ ಗಾಳಿಗಿಡಿ. ಎರಡನೆಯ ದಿನ ಬಿಸಿಲಿಗೆ. ಹಸಿಯಾಗಿರುವಾಗಲೇ ತಗಡಿನ ಮೇಲೆ ನಡುಹಗಲಿನ ಬಿಸಿಲಿಗಿಟ್ಟರೆ ತಟ್ಟೆ ಕಾದು ಹಿಟ್ಟು ಅರೆಬೆಂದು ಗೋಂದಾಗುತ್ತದೆ, ಒಣಗಿದ ಮೇಲೆ ಹಪ್ಪಳದಂತೆ ಪಾರದರ್ಶಕವಾಗಿ ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಸರಿಯಾಗಿ ಒಣಗಿದ್ದು ಬತ್ತಿದ ಕೆರೆಯಂಗಳದ ಹಾಗೆ ಬಿರಿದು, ಚಕ್ಕೆಗಳ ಅಂಚು ಮೇಲಕ್ಕೆ ಸುರುಳಿಕೊಂಡು ತಾನಾಗಿ ಏಳುತ್ತದೆ. ಮಾರ್ಚ್‌ನಲ್ಲಿ ಎರಡೇ ದಿನ ಸಾಕು. ಆಗಸ್ಟ್‌ನಲ್ಲಿ ಆರು ದಿನ ಹಿಡಿದು, ಒಂದು ತಟ್ಟೆಯಲ್ಲಿ ಬೂಷ್ಟು ಬಂದು ಪೂರ್ತಿ ಎಸೆಯಬೇಕಾಯಿತು. ಬೂಷ್ಟು ಬಂದ ಭಾಗವನ್ನಷ್ಟೇ ಕೆರೆದು ಉಳಿದದ್ದನ್ನು ಇಟ್ಟುಕೊಳ್ಳಬಾರದು.

ಚಕ್ಕೆಯನ್ನು ಬೆರಳಲ್ಲಿ ಒತ್ತಿದರೆ ಕಿರ್ರೆಂದು ಪುಡಿಯಾಗಬೇಕು, ಮೆತ್ತಗೆ ಮುರಿದರೆ ಇನ್ನೊಂದು ಬಿಸಿಲು ಬೇಕು. ಪುಡಿ ಮಾಡಿ ವಸ್ತ್ರಗಾಲಿಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ಮುಂದಿನ ಶಿವರಾತ್ರಿಯವರೆಗೆ ಬರುತ್ತದೆ. ತೆಗೆಯುವ ಚಮಚ ಒದ್ದೆಯಾಗಿದ್ದರೆ ತಿಂಗಳೊಳಗೆ ಗಂಟು ಕಟ್ಟುತ್ತದೆ.

5 ಕೆಜಿಗೆ 155 ಗ್ರಾಂ ಎಂದರೆ ನೂರಕ್ಕೆ ಮೂರು. ಎರಡು ಆಳು ಎರಡು ದಿನ ದುಡಿದರೆ ಸಿಗುವುದು ಇಷ್ಟೇ. ಅದಕ್ಕೇ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸುಣ್ಣದಂಥ ಬಿಳಿಯ ಸತ್ವದ ಮೇಲೆ ನಮಗೆ ನಂಬಿಕೆಯಿಲ್ಲ. ಅಯೋಡಿನ್ ಹನಿ ಹಾಕಿ ನೀಲಿಯಾದರೆ ಅಸಲಿ ಎಂದು ಕೆಲವರು ಹೇಳುತ್ತಾರೆ. ಅದು ಪರೀಕ್ಷೆಯೇ ಅಲ್ಲ, ಆಲೂಗಡ್ಡೆ ಹಿಟ್ಟು, ಕೂವೆಹಿಟ್ಟು, ಮೆಕ್ಕೆಜೋಳದ ಹಿಟ್ಟು ಎಲ್ಲವೂ ಅಯೋಡಿನ್‌ಗೆ ನೀಲಿಗಪ್ಪಾಗುತ್ತವೆ. ನಿಂಬೆರಸ ಹಾಕಿದಾಗ ಗುಳ್ಳೆಯೆದ್ದರೆ ಸೀಮೆಸುಣ್ಣ ಬೆರೆತಿದೆ ಎನ್ನಬಹುದು. ಬೇರೆ ಹಿಟ್ಟು ಬೆರೆತದ್ದನ್ನು ಖಚಿತವಾಗಿ ಹೇಳಬೇಕಾದರೆ ಸೂಕ್ಷ್ಮದರ್ಶಕದಲ್ಲಿ ಕಣದ ಆಕಾರ ನೋಡಬೇಕು. ಮನೆಯಲ್ಲಿ ನಮಗಿರುವ ಅಳತೆ ಆ ಗಂಟಲ ಹಿಂದಿನ ಕಹಿ ಮಾತ್ರ.

ಸೇವನೆಯ ಪ್ರಮಾಣ ಸಣ್ಣದು, ಸಾಮಾನ್ಯವಾಗಿ ದೊಡ್ಡವರಿಗೆ ಅರ್ಧ ಗ್ರಾಂನಿಂದ 1 ಗ್ರಾಂ, ದಿನಕ್ಕೆ ಒಂದೆರಡು ಸಲ. ಗುಡೂಚಿಗೆ ಅನುಪಾನ, ಅಂದರೆ ಜತೆಗೆ ಬೆರೆಸಿ ತಿನ್ನುವುದು, ವಾತಕ್ಕೆ ತುಪ್ಪ, ಪಿತ್ತಕ್ಕೆ ಸಕ್ಕರೆ, ಕಫಕ್ಕೆ ಜೇನು, ಮಲಬದ್ಧತೆಗೆ ಬೆಲ್ಲ ಎಂದು ಶಾಸ್ತ್ರ ಹೇಳುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೆ ಸಕ್ಕರೆ ಅಂಶ ಇನ್ನಷ್ಟು ಇಳಿಯಬಹುದು. ಯಕೃತ್ತಿನ ತೊಂದರೆ ಇರುವವರು, ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬೀಳುವ ಥೈರಾಯ್ಡ್, ಸಂಧಿವಾತದಂಥ ಕಾಯಿಲೆ ಇರುವವರು, ಬಸುರಿಯರು, ಮೊಲೆಯೂಡುವ ತಾಯಂದಿರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸೇವಿಸುವಾಗ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಏನು ತಿಂದದ್ದೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು.

ಕಾಂಡ ಕತ್ತರಿಸುವಾಗಲೇ ಎರಡು ಗಿಣ್ಣು ಇರುವ ಒಂದು ಗೇಣಿನ ತುಂಡು ನಾಲ್ಕಾರು ಎತ್ತಿಡಿ. ಇದಕ್ಕೆ ಛಿನ್ನರುಹಾ, ಕತ್ತರಿಸಿದರೂ ಬೆಳೆಯುವವಳು, ಎಂಬ ಹೆಸರೂ ಇದೆ. ನೆರಳಿನಲ್ಲಿಟ್ಟ ತುಂಡು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ, ಮಣ್ಣಿನ ಪ್ಯಾಕೆಟ್ಟಿನಲ್ಲಿ ಓರೆಯಾಗಿ ನೆಟ್ಟು ದಿನ ಬಿಟ್ಟು ದಿನ ನೀರು ಚಿಮುಕಿಸಿದರೆ ಜೂನ್ ಹೊತ್ತಿಗೆ ಬೇರು ಹಿಡಿದಿರುತ್ತದೆ. ಮಳೆ ಹಿಡಿದ ಮೇಲೆ ಬೇವಿನ ಬುಡದಿಂದ ಎರಡು ಅಡಿ ದೂರಕ್ಕೆ ನೆಟ್ಟು, ಒಂದು ಕಡ್ಡಿ ಕೊಟ್ಟು ಮರಕ್ಕೆ ಹಾಯಿಸಿ. ಹೆಬ್ಬೆರಳು ದಪ್ಪವಾಗಲು ಎರಡು ವರ್ಷವಾದರೂ ಬೇಕು.